ಎಂಟು ಕಿಲ್ಟ್ ಎಡಕ್ಕೆ, ಒಂದು ಬಲಕ್ಕೆ

ನನ್ನ ಗಂಡ ಮೊಯ್ದಿನ್ ಒಳ್ಳೆಯ ದರ್ಜಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಬಾಯಿಂದ ಇವರ ಬಗ್ಗೆ ಒಳ್ಳೆಯ ಮಾತು ಬರುವುದು ಕಷ್ಟ. ಪಾಣೆಮಂಗಳೂರಿನ ಪೇಟೆಯಲ್ಲಿ ಕಾಜಾ ಹಾಕುತ್ತ ಕಸುಬು ಕಲಿತವರು, ದೋಹಾಕ್ಕೆ ಬಂದು ಮೂವತ್ತೊಂದು ವರ್ಷ. ಅಲ್ ಹಿಲಾಲ್‌ನ ಹಿಂಬದಿ ರಸ್ತೆಯಲ್ಲಿ ಎರಡು ಮಿಷನಿನ ಅಂಗಡಿ, ಅದರ ಮೇಲೆಯೇ ನಮ್ಮ ಬಾಡಿಗೆ ಮನೆ. ಅರಬರ ಬಿಳಿ ನಿಲುವಂಗಿ ಥೋಬಿಗೆ ಕಾಲರ್ ನಿಲ್ಲಿಸುವುದರಲ್ಲಿ ಇವರನ್ನು ಮೀರಿಸಿದವರಿಲ್ಲ ಎಂದು ಗಿರಾಕಿಗಳು ಹೊಗಳುತ್ತಾರೆ. ಕೈಹೊಲಿಗೆ ಎಲ್ಲ ನನ್ನದು, ಶರೀಫಾಳದ್ದು. ಅದನ್ನು ಯಾರೂ ಹೊಗಳುವುದಿಲ್ಲ.

ಇವರಲ್ಲಿ ದೋಷ ಒಂದೇ. ಯಾರು ಏನು ಕೇಳಿದರೂ "ಆಗ್ತದೆ" ಅನ್ನುತ್ತಾರೆ, ತಾವು ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ. ಗಿರಾಕಿಯನ್ನು ಪ್ರಶ್ನೆ ಕೇಳಿದರೆ ಕೆಲಸ ಬಾರದವನು ಅಂದುಕೊಳ್ಳುತ್ತಾನಂತೆ. ಹೀಗೆ ಬಾಯಿ ಹೊಲಿದುಕೊಂಡೇ ಒಮ್ಮೆ ಒಬ್ಬ ಮದುಮಗನ ಕೋಟಿಗೆ ಅವನ ಮಾವನ ಅಳತೆ ಹಾಕಿ ಕೊಟ್ಟಿದ್ದರು. ಆ ಕತೆ ಇಲ್ಲಿ ಬೇಡ.

ಬ್ರ್ಯಾಂಡನ್ ಎಂಬವನು ನಮಗೆ ಗಂಟುಬಿದ್ದದ್ದು ಹೋದ ಅಕ್ಟೋಬರಿನಲ್ಲಿ. ಆರಡಿ ಎತ್ತರ, ಕೆಂಪು ಮುಖ, ಅಲ್ ಸದ್ದ್‌ನಲ್ಲಿ ಆಫೀಸು. ಮ್ಯಾಕ್‌ಟಾರ್ವಿ ಅನ್ನುವುದು ಅವನ ಕುಲದ ಹೆಸರು. ನಮ್ಮೂರ ಬಂಟರಿಗೆ ಬಳಿ ಎಂಬ ಗೋತ್ರ ಇದ್ದ ಹಾಗೆ ಸ್ಕಾಟ್ಲೆಂಡಿನವರಿಗೆ ಕ್ಲಾನ್ ಅಂತೆ. ಒಂದೊಂದು ಕ್ಲಾನಿಗೆ ಒಂದೊಂದು ಬಣ್ಣದ ಚೌಕುಳಿ ಬಟ್ಟೆ. ಆ ಬಟ್ಟೆಯಲ್ಲಿ ಹಿಂದೆ ನೆರಿಗೆ ಹಾಕಿ, ಮುಂದೆ ಒಂದರ ಮೇಲೊಂದು ಮಡಚಿ, ಮೊಣಕಾಲಿನವರೆಗೆ ಗಂಡಸರು ಉಡುವ ಲಂಗವೇ ಕಿಲ್ಟ್. ಕತಾರಿನಲ್ಲಿ ಇರುವ ಮ್ಯಾಕ್‌ಟಾರ್ವಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಬ್ರ್ಯಾಂಡನ್ ಅದರ ಮುಖ್ಯಸ್ಥ. ಅವನು ಹುಟ್ಟಿದ್ದು ಟೊರೊಂಟೋದಲ್ಲಿ, ಅವನಪ್ಪ ಹುಟ್ಟಿದ್ದೂ ಅಲ್ಲೇ. ಸ್ಕಾಟ್ಲೆಂಡಿನಲ್ಲಿ ಅವನು ಒಟ್ಟು ಇದ್ದದ್ದು ಒಂಬತ್ತು ದಿನ, ಅದರಲ್ಲಿ ಐದು ದಿನ ಮಳೆ ಬಂದು ಹೊರಗೆ ಹೋಗಲಾಗಲಿಲ್ಲ ಎಂದು ಅವನೇ ಹೇಳಿದ.

"ಎಂಟು ಕಿಲ್ಟ್ ಬೇಕು. ಜನವರಿಯಲ್ಲಿ ನಮ್ಮ ಕುಲದ ಹಿರಿಯರು ಬರುತ್ತಾರೆ. ಹೊಲಿಯುತ್ತೀರಾ?" ಎಂದು ಕೇಳಿದ.

ಇವರು ಅಲ್ಲಿಯವರೆಗೆ ಕಿಲ್ಟನ್ನು ಕಣ್ಣಿಂದ ಕಂಡವರಲ್ಲ. "ಆಗ್ತದೆ ಮಿಸ್ಟರ್ ಬ್ರ್ಯಾಂಡನ್," ಎಂದರು.

ಬರುವ ಹಿರಿಯರೆಂದರೆ ಜೆಸಿಕಾ ಎಂಬ ಎಂಬತ್ತನಾಲ್ಕರ ಅಜ್ಜಿ. ಸ್ಕಾಟ್ಲೆಂಡಿನಿಂದ ಆಸ್ಟ್ರೇಲಿಯಾದ ಮಗಳ ಮನೆಗೆ ಹೋಗುವಾಗ ದೋಹಾದಲ್ಲಿ ವಿಮಾನ ಬದಲಿಸಬೇಕು, ಆ ನೆಪದಲ್ಲಿ ಎರಡು ದಿನ ಇಳಿಯುತ್ತಾರೆ. ಪ್ರಪಂಚದಲ್ಲಿ ಎಲ್ಲೆಲ್ಲೋ ಚದುರಿಹೋದ ಮ್ಯಾಕ್‌ಟಾರ್ವಿಗಳ ಹೆಸರು ಬರೆದಿಡುವ ಪುಸ್ತಕ ಅವರ ಕೈಯಲ್ಲಿ. ಆಯಾ ದೇಶದ ಮುಖ್ಯಸ್ಥ "ಇವರು ನಮ್ಮವರು" ಅಂದರೆ ಅಜ್ಜಿ ಬರೆಯುತ್ತಾರೆ. ಅನ್ನದಿದ್ದರೆ ಇಲ್ಲ. ಅಂದರೆ ಕತಾರಿನ ಮಟ್ಟಿಗೆ ಯಾರು ಒಳಗೆ, ಯಾರು ಹೊರಗೆ ಎನ್ನುವುದು ಈ ಬ್ರ್ಯಾಂಡನ್ನನ ಬಾಯಲ್ಲಿ.

ಆ ಬಾಯಿಯಾದರೋ, ಸುಮ್ಮನಿರುವ ಬಾಯಲ್ಲ. ದಿನಕ್ಕೆ ನಾಲ್ಕು ವಾಯ್ಸ್ ಮೆಸೇಜ್. ಚೌಕುಳಿಯ ಹಳದಿ ಗೆರೆ ಪ್ರತಿ ನೆರಿಗೆಯಲ್ಲೂ ಅದೇ ಜಾಗಕ್ಕೆ ಬರಬೇಕು. ದಾರ ಈ ಹಸಿರಲ್ಲ, ಆ ಹಸಿರು. ನೆರಿಗೆ ಮಿಷನಿನಲ್ಲಿ ಕೂಡದು, ಕೈಯಲ್ಲೇ ಹೊಲಿಯಬೇಕು, ಪೂರ್ವಿಕರಿಗೆ ಅವಮಾನವಾಗುತ್ತದೆ. ಒಂದು ಕಿಲ್ಟಿಗೆ ಇಪ್ಪತ್ತೇಳು ನೆರಿಗೆ. ಎಂಟು ಇಪ್ಪತ್ತೇಳು ಎಷ್ಟಾಯಿತು ಲೆಕ್ಕ ಹಾಕಿ. ಅಷ್ಟನ್ನೂ ಹೊಲಿದವಳು ನಾನು. ಆ ದಪ್ಪ ಉಣ್ಣೆಗೆ ಸೂಜಿ ನೂಕಿ ನೂಕಿ ನನ್ನ ಹೆಬ್ಬೆರಳು ಮರಗಟ್ಟಿಹೋಯಿತು. ಅವನ ಪೂರ್ವಿಕರಿಗೆ ಅವಮಾನವಾಗದಿರಲಿ ಎಂದು ಪಾಣೆಮಂಗಳೂರಿನ ಬ್ಯಾರಿ ಹೆಂಗಸು ಬೆರಳು ಸವೆಸಬೇಕು!

ಇಷ್ಟೆಲ್ಲ ಹೇಳಿದವನು ಅಳತೆಯ ಬಟ್ಟೆ ಕೊಡಲಿಲ್ಲ. ಅವನ ಹಳೆಯ ಕಿಲ್ಟ್ ಹೊಟ್ಟೆಗೆ ಸಾಲದಾಗಿ ಅದನ್ನು ತಮ್ಮನಿಗೆ ಕೊಟ್ಟಿದ್ದನಂತೆ. ಹತ್ತು ವರ್ಷದ ಹಿಂದೆ ಅದನ್ನು ಉಟ್ಟು, ಕನ್ನಡಿಯ ಮುಂದೆ ನಿಂತು ಮೊಬೈಲಿನಲ್ಲಿ ತಾನೇ ತೆಗೆದುಕೊಂಡ ಒಂದು ಫೋಟೋ ಕಳಿಸಿದ. ಎಂಟು ಜನರ ಸೊಂಟದ ಅಳತೆಯನ್ನೂ ಕಳಿಸಿದ. ಟ್ರಯಲಿಗೆ ಬನ್ನಿ ಎಂದರೆ, "ಯಾರಿಗೂ ಪುರುಸೊತ್ತಿಲ್ಲ, ಅಳತೆ ಕೊಟ್ಟಾಯಿತಲ್ಲ, ಯಲ್ಲಾ ಯಲ್ಲಾ, ಬೇಗ ಬೇಗ."

ನವೆಂಬರಿನ ಒಂದು ಶುಕ್ರವಾರ ಆನ್ಸೆಲ್ಮ್ ಬಂದರು. ದುಖಾನಿನ ತೈಲ ಕಂಪನಿಯಲ್ಲಿ ಸೇಫ್ಟಿ ಆಫೀಸರ್, ಐವತ್ತು ದಾಟಿದ ಕಪ್ಪು ಮನುಷ್ಯ, ಮಾತು ಮೆತ್ತಗೆ. ಊರು ಗ್ರೆನೇಡಾ ಹತ್ತಿರದ ಒಂದು ಪುಟ್ಟ ದ್ವೀಪ. ಹೆಸರಿನ ಕೊನೆಗೆ ಮ್ಯಾಕ್‌ಟಾರ್ವಿ. ದೋಣಿ ಕಟ್ಟಲು ಸ್ಕಾಟ್ಲೆಂಡಿನಿಂದ ಅಲ್ಲಿಗೆ ಹೋದ ಒಬ್ಬ ಬಡಗಿ ಆನ್ಸೆಲ್ಮರ ಅಜ್ಜನ ಅಜ್ಜನಂತೆ. ಒಂದು ಹಳೆಯ ಕಿಲ್ಟನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ನುಸಿ ತಿಂದು ತೂತುಬಿದ್ದಿತ್ತು, ಆದರೂ ಅದೇ ಚೌಕುಳಿ, ಅದೇ ಹಳದಿ ಗೆರೆ. ಹೊಸ ಬಟ್ಟೆಯನ್ನು ತಾವೇ ತರಿಸಿಕೊಂಡಿದ್ದರು.

"ಇದರ ಹಾಗೇ ಹೊಲಿದುಕೊಡಿ. ಸಂಘಕ್ಕೆ ಅರ್ಜಿ ಕೊಟ್ಟಿದ್ದೇನೆ. ಜೆಸಿಕಾ ಬಂದಾಗ ಉಟ್ಟು ನಿಲ್ಲಬೇಕು," ಎಂದರು.

ನಾನು ಚಹಾ ಕೊಟ್ಟೆ. ಕುಡಿಯುತ್ತ ಅವರೇ ಹೇಳಿದರು. ಅವರಪ್ಪ ಬದುಕಿದ್ದಷ್ಟು ಕಾಲ ಆ ಪುಸ್ತಕಕ್ಕೆ ಹೆಸರು ಸೇರಿಸಿ ಎಂದು ಸ್ಕಾಟ್ಲೆಂಡಿನ ಸಂಘದವರಿಗೆ ಕಾಗದ ಬರೆದರಂತೆ. ಅಲ್ಲಿಂದ ಇಲ್ಲ ಎನ್ನುವ ಒಂದು ಉತ್ತರವೂ ಬರಲಿಲ್ಲ. ಎರಡು ವರ್ಷದ ಹಿಂದೆ ತೀರಿಹೋದರು. ಚರ್ಚಿನಲ್ಲಿದ್ದ ಜನನ ದಾಖಲೆಗಳು ಯಾವುದೋ ಬಿರುಗಾಳಿಯಲ್ಲಿ ಹೋಗಿಬಿಟ್ಟಿವೆ. "ಅಪ್ಪನಿಗೆ ಆಗದ್ದು ನನ್ನಿಂದಾದರೂ ಆಗಬೇಕು," ಎಂದು ಲೋಟ ಕೆಳಗಿಟ್ಟರು. ನನಗೆ ಕೆಡುಕೆನಿಸಿತು. ಒಂದು ಹೆಸರು ಬರೆಯಲಿಕ್ಕೆ ಇಷ್ಟು ರಂಪವೇ?

ಮರುದಿನ ಬ್ರ್ಯಾಂಡನ್ ಬಕಲ್ ಕೊಡಲು ಬಂದವನು ಮೇಜಿನ ಮೇಲೆ ಆ ಬಟ್ಟೆ ಕಂಡ. ಇವರು ಯಾರದ್ದೆಂದು ಹೇಳಿದರು. ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು.

"ಬಟ್ಟೆ ಯಾರು ಬೇಕಾದರೂ ಕೊಳ್ಳಬಹುದು. ಅವರು ಬೇರೆ, ನಾವು ಬೇರೆ. ಹೆಸರು ಒಂದೇ ಆದ ಮಾತ್ರಕ್ಕೆ ನಮ್ಮವರಾಗುವುದಿಲ್ಲ. ಕಾಗದಪತ್ರ ಇಲ್ಲ. ಗೆಸ್ಟ್ ಆಗಿ ಬರಲಿ, ಹಿಂದೆ ನಿಲ್ಲಲಿ."

ಇವರು "ಹ್ಞೂಂ" ಎಂದರು. ನಾನು ಒಳಗಿನಿಂದ ಕೆಮ್ಮಿದೆ, ಕಣ್ಣು ಬಿಟ್ಟೆ. ಉಪಯೋಗವಿಲ್ಲ. ಹ್ಞೂಂ ಅಂದರೆ ಹ್ಞೂಂ.

ಡಿಸೆಂಬರಿನಲ್ಲಿ ಆನ್ಸೆಲ್ಮರ ಕಿಲ್ಟ್ ನನ್ನ ಕೈಗೆ ಬಂತು. ಮುಂದಿನ ಮಡಿಕೆ ಬಲಸೊಂಟಕ್ಕೆ ಮುಚ್ಚುವ ಹಾಗೆ ಇವರು ಕಚ್ಚಾ ಹೊಲಿಗೆ ಹಾಕಿದ್ದರು. ಅದಕ್ಕೆ ಮೊದಲು ನಾನು ಹೊಲಿದ ಆರೂ ಎಡಸೊಂಟಕ್ಕೆ ಮುಚ್ಚುವಂಥವು.

"ಇದೆಂತ ಇದು? ಇದೊಂದು ಮಾತ್ರ ಬಲಕ್ಕೆ?" ಎಂದು ಕೇಳಿದೆ.

"ಅವರ ಹಳೇದು ಹಾಗೇ ಉಂಟು. ಬ್ರ್ಯಾಂಡನ್ ಫೋಟೋದಲ್ಲಿ ಎಡಕ್ಕೆ ಉಂಟು."

"ಅದು ಹ್ಯಾಗೆ? ಕುಲ ಒಂದೇ ಅಲ್ವಾ?"

"ಎಲ್ಲಿ ಒಂದೇ? ಅವರು ಬೇರೆ ಅಂತ ಅವನೇ ಹೇಳ್ಳಿಲ್ವಾ ಮಾರಾಯ್ತಿ? ನಮ್ಮೂರಲ್ಲಿ ಇಲ್ವಾ, ನಮ್ಮ ಲುಂಗಿ ಎಡಕ್ಕೆ, ಶೆಟ್ರ ಮುಂಡು ಬಲಕ್ಕೆ? ದೂರದಿಂದ ನೋಡಿದ್ರೆ ಯಾರು ಅಂತ ಗೊತ್ತಾಗ್ತದೆ. ಇವರಲ್ಲೂ ಹಾಗೇ ಇರ್ಬೇಕು."

"ಒಂದು ಮಾತು ಕೇಳಿದ್ರಾ ಅವನ ಹತ್ರ?"

"ಅದನ್ನೆಲ್ಲ ಬಾಯಿ ಬಿಟ್ಟು ಕೇಳ್ಲಿಕ್ಕುಂಟಾ?"

ನಿಜ ಹೇಳುತ್ತೇನೆ, ನನಗೂ ಅದು ಸರಿ ಎನಿಸಿಬಿಟ್ಟಿತು. ನಾನೂ ಅದೇ ಊರಿನವಳು. ಬಸ್‌ಸ್ಟ್ಯಾಂಡಿನಲ್ಲಿ ಬೆನ್ನು ಹಾಕಿ ನಿಂತವನ ಸೊಂಟ ನೋಡಿಯೇ ಸಲಾಂ ಹೇಳಬೇಕೋ ನಮಸ್ಕಾರ ಹೇಳಬೇಕೋ ಎಂದು ತಿಳಿಯುತ್ತ ಬೆಳೆದವಳು. ಉಳಿದ ಎರಡನ್ನೂ ಎಡಕ್ಕೇ ಹೊಲಿದು ಮುಗಿಸಿದೆ.

ಜನವರಿಯ ಆ ಗುರುವಾರ ಬ್ರ್ಯಾಂಡನ್ ಕಟ್ಟನ್ನು ಬಿಚ್ಚಿಯೂ ನೋಡದೆ ಕಾರಿಗೆ ಹಾಕಿಕೊಂಡು ಹೋದ. ಶುಕ್ರವಾರ ಐದಕ್ಕೆ ಒಂದು ಕ್ಲಬ್ಬಿನ ಹಾಲಿನಲ್ಲಿ ಕಾರ್ಯಕ್ರಮ. ನಾಲ್ಕು ಗಂಟೆಗೆ ಫೋನು. ಏನು ಹೇಳುತ್ತಾನೆಂದು ತಿಳಿಯಲಿಲ್ಲ, ಕಿರುಚುತ್ತಾನೆ ಎಂಬುದಷ್ಟೇ ತಿಳಿಯಿತು. ನಾವು ಕತ್ತರಿ, ಸೂಜಿ, ದಾರ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಓಡಿದೆವು.

ಹಾಲಿನ ಹಿಂದಿನ ಕೋಣೆಯಲ್ಲಿ ಎಂಟು ಜನ ಭಾರೀ ಗಂಡಸರು ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದುಕೊಂಡು, ಕಿಲ್ಟ್ ಉಟ್ಟು, ಮುಖ ಬಾಡಿಸಿಕೊಂಡು ನಿಂತಿದ್ದರು. ನನಗೆ ನಗು ಬಂದದ್ದು ಸುಳ್ಳಲ್ಲ.

"ಇದು ಹೆಂಗಸರ ಲಂಗ!" ಬ್ರ್ಯಾಂಡನ್ ತನ್ನ ಎಡಸೊಂಟಕ್ಕೆ ಹೊಡೆದುಕೊಂಡ. "ಗಂಡಸರದ್ದು ಬಲಕ್ಕೆ ಮುಚ್ಚಬೇಕು, ಬಲಕ್ಕೆ! ಇಡೀ ಪ್ರಪಂಚಕ್ಕೆ ಗೊತ್ತು!"

ಇವರು ಮೊಬೈಲ್ ತೆಗೆದು ಅವನದೇ ಫೋಟೋ ಅವನಿಗೆ ತೋರಿಸಿದರು. ಅವನು ಒಂದು ಕ್ಷಣ ನೋಡಿದ. "ಇದು ಕನ್ನಡಿಯಲ್ಲಿ ತೆಗೆದದ್ದು! ಕನ್ನಡಿಯಲ್ಲಿ ಬಲ ಎಡವಾಗುವುದಿಲ್ಲವೇ?" ಎಂದು ಇನ್ನೂ ಜೋರಾಗಿ ಕೂಗಿದ.

ನನ್ನ ನೆತ್ತಿಗೆ ಏರಿತು. ಹಸಿರು ದಾರದ ಬಗ್ಗೆ ಎಪ್ಪತ್ತು ಮೆಸೇಜ್ ಕಳಿಸಿದವನಿಗೆ ಎಡ ಬಲ ಎಂದು ಒಂದು ಮೆಸೇಜ್ ಕಳಿಸಲು ಏನು ಧಾಡಿಯಾಗಿತ್ತು? ಇಂಗ್ಲಿಷಿನಲ್ಲಿ ಅದನ್ನು ಹೇಗೆ ಹೇಳುವುದೆಂದು ಹುಡುಕುತ್ತಿರುವಾಗಲೇ ಬಾಗಿಲು ತೆರೆಯಿತು. ಕೋಲೂರಿಕೊಂಡು ಒಬ್ಬ ಸಣಕಲು ಅಜ್ಜಿ, ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ. ಅವರಿಗೆ ಬಾಗಿಲು ಹಿಡಿದವರು, ನಾನು ಹೊಲಿದ ಕಿಲ್ಟ್ ಉಟ್ಟ ಆನ್ಸೆಲ್ಮ್.

ಜೆಸಿಕಾ ಅಜ್ಜಿ ಸಾಲಾಗಿ ನಿಂತ ಎಂಟು ಜನರನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ತಿರುಗಿ ಆನ್ಸೆಲ್ಮರನ್ನು ನೋಡಿದರು.

"ಒಬ್ಬರಾದರೂ ಸರಿಯಾಗಿ ಉಟ್ಟಿದ್ದಾರಲ್ಲ, ಸದ್ಯ. ಇವರು ಯಾರು?"

"ಅವರು ಗೆಸ್ಟ್," ಎಂದ ಬ್ರ್ಯಾಂಡನ್. "ಇದೆಲ್ಲ ಈ ಟೈಲರ್ ಮಾಡಿದ ತಪ್ಪು. ಒಂದೇ ಬಟ್ಟೆ, ಒಂದೇ ಕೈ, ಅದೊಂದನ್ನು ಮಾತ್ರ ಬಲಕ್ಕೆ ಹೊಲಿದಿದ್ದಾನೆ!"

"ಯಾಕೆ ಹಾಗೆ ಮಾಡಿದಿರಿ?" ಅಜ್ಜಿ ಇವರನ್ನೇ ಕೇಳಿದರು. ಗದರಿಸಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು.

ಇವರು ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ತಮ್ಮ ಹರುಕು ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮ ಊರಿನಲ್ಲಿ ಜನ ಬೇರೆಯಾದರೆ ಉಡುವ ಬದಿಯೂ ಬೇರೆ, ಮೇಡಂ. ಇವರು ಬೇರೆ, ನಾವು ಬೇರೆ ಎಂದು ಮಿಸ್ಟರ್ ಬ್ರ್ಯಾಂಡನ್ ಹೇಳಿದರು. ಅದಕ್ಕೇ ಬೇರೆ ಬದಿಗೆ ಹೊಲಿದೆ."

ಎಂಟು ಜನರಲ್ಲಿ ಒಬ್ಬ ತನ್ನ ಕಾಲುಚೀಲ ನೋಡಿಕೊಂಡ. ಆನ್ಸೆಲ್ಮ್ ಬಾಗಿಲ ಹಿಡಿಯನ್ನು ಬಿಟ್ಟಿರಲಿಲ್ಲ. ಹೊರಟೇಬಿಡುತ್ತಾರೆ ಎಂದು ನನಗೆ ಭಯವಾಯಿತು.

"ಖಲಾಸ್. ಆದದ್ದು ಆಯಿತು," ಎಂದ ಬ್ರ್ಯಾಂಡನ್. "ಎಂಟನ್ನೂ ಬಿಚ್ಚಿ ಬಲಕ್ಕೆ ಹೊಲಿದುಕೊಡಬೇಕು."

"ಆಗ್ತದೆ," ಎಂದರು ಇವರು. ಆ ಶಬ್ದ ಕೇಳಿ ನನಗೆ ಅಲ್ಲೇ ಕಿರುಚಬೇಕೆನಿಸಿತು. ಇನ್ನೂರ ಹದಿನಾರು ನೆರಿಗೆ! ಬಿಚ್ಚುವವಳು ಯಾರು? ಆದರೆ ಇವರ ಮಾತು ಮುಗಿದಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಗಿರಾಕಿಯನ್ನು ಒಂದು ಪ್ರಶ್ನೆ ಕೇಳದ ಮನುಷ್ಯ ಅವತ್ತು ಕೇಳಿದರು.

"ಅದಕ್ಕೆ ಮೊದಲು ಸರಿಯಾಗಿ ಹೇಳಿಬಿಡಿ, ಮಿಸ್ಟರ್ ಬ್ರ್ಯಾಂಡನ್. ನೀವೂ ಇವರೂ ಒಂದೇನಾ, ಬೇರೆಯಾ? ಇನ್ನೊಂದು ಸಲ ಬಿಚ್ಚಲಿಕ್ಕೆ ನನ್ನ ಹೆಂಡತಿಯ ಕೈಯಿಂದ ಆಗುವುದಿಲ್ಲ."

ಅದರಲ್ಲಿ ಕುಹಕವಿರಲಿಲ್ಲ. ಇವರಿಗೆ ಕುಹಕ ಗೊತ್ತಿಲ್ಲ. ಕೆಲಸಕ್ಕೆ ಬೇಕಾದ ವಿಷಯ, ಕೇಳಿದರು ಅಷ್ಟೆ. ಬ್ರ್ಯಾಂಡನ್ ಅಜ್ಜಿಯ ಮುಖ ನೋಡಿದ. ಅಜ್ಜಿ ಕೋಲಿನ ಮೇಲೆ ಎರಡೂ ಕೈ ಇಟ್ಟು ಅವನ ಉತ್ತರಕ್ಕೇ ಕಾದಿದ್ದರು. ಅವನು ಕತ್ತು ಉಜ್ಜಿಕೊಂಡ.

"ಒಂದೇ," ಎಂದ ಕೊನೆಗೆ.

"ಅಂದರೆ ನಮ್ಮವರು," ಎಂದರು ಅಜ್ಜಿ.

"ನಮ್ಮವರು."

ಅಜ್ಜಿ ಚೀಲದಿಂದ ಪುಸ್ತಕ ತೆಗೆದು, ಮೇಜಿನ ಮೇಲಿದ್ದ ಪಿನ್ನುಗಳನ್ನು ಬದಿಗೆ ಸರಿಸಿ, ಕುಳಿತರು. ಹೆಸರು ಹೇಳಿ ಎಂದರು. ಆನ್ಸೆಲ್ಮ್ ಹತ್ತಿರ ಬಂದರು, ಕುರ್ಚಿಯ ಬೆನ್ನು ಹಿಡಿದುಕೊಂಡರು. ಹೇಳಿದ್ದು ತಮ್ಮ ಹೆಸರಲ್ಲ.

"ಮೊದಲು ಅಪ್ಪನದ್ದು ಬರೆಯಿರಿ," ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದರು.

ನಾನು ಗೋಡೆಯ ಗಡಿಯಾರ ನೋಡಿದೆ. ಬರೆದು ಮುಗಿಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಇಷ್ಟೇ ಇಷ್ಟು ಕೆಲಸ. ಅವರಪ್ಪ ಇದಕ್ಕೆ ಸಾಯುವವರೆಗೆ ಕಾದಿದ್ದರು.