ಉದ್ದ ಎಳೆದರೆ ಹಲಗೆ, ಅಡ್ಡ ಎಳೆದರೆ ರಬ್ಬರು

ಚಪ್ಪಲಿ ಕಾರ್ಖಾನೆಯಲ್ಲಿ ಅವಳಿಗೆ ಇದ್ದ ಕೆಲಸ ಒಂದೇ: ಅಟ್ಟೆಗೆಂದು ಬಂದ ರಬ್ಬರು ಹಾಳೆಯಿಂದ ಪಟ್ಟಿ ಕತ್ತರಿಸಿ, ಯಂತ್ರದ ದವಡೆಗಳಿಗೆ ಕಚ್ಚಿಸಿ, ಎಷ್ಟು ತಾಳುತ್ತದೆಂದು ನೋಡಲು ಹರಿಯುವ ತನಕ ಎಳೆಯುವುದು. ಇಪ್ಪತ್ತೆರಡು ವರ್ಷ ಹರಿದೂ ಹರಿದೂ ‘ಹರಿಯಕ್ಕ’ ಎಂದೇ ಹೆಸರಾಗಿದ್ದಳು. ಗಂಡನನ್ನು ಮದುವೆಯಾದ ಮೂರನೇ ವರ್ಷಕ್ಕೇ ಬಿಟ್ಟಿದ್ದಳು. ಅದನ್ನೂ ಕೆಲಸದ ಅನುಭವ ಎಂದೇ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಬಂದ ಹೊಸ ಮ್ಯಾನೇಜರ್, ಹಾಳೆ ದಂಡವಾಗುತ್ತದೆಂದು ಅಟ್ಟೆ ಕತ್ತರಿಸುವ ಅಚ್ಚನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದ. ಎರಡೇ ತಿಂಗಳಲ್ಲಿ ಚಪ್ಪಲಿಗಳು ವಾಪಸ್ ಬರತೊಡಗಿದವು. ಅಟ್ಟೆ ಬಾಗುವುದೇ ಇಲ್ಲ, ಹಿಮ್ಮಡಿಯೆಲ್ಲ ಬೊಬ್ಬೆ ಎಂದು ದೂರು. ಮ್ಯಾನೇಜರ್ ಮಾಲು ಕಳಿಸಿದವರ ಜನ್ಮ ಜಾಲಾಡಿದ.

ಹರಿಯಕ್ಕ ಒಂದೇ ಹಾಳೆಯಿಂದ ಎರಡು ಪಟ್ಟಿ ಕತ್ತರಿಸಿ ಅವನ ಮೇಜಿಗೆ ಒಯ್ದಳು.

“ಇದನ್ನ ಎಳೀರಿ ಸರ್.”

ಅದು ಅಡ್ಡ ಕತ್ತರಿಸಿದ್ದು. ಲಂಗದ ಎಲಾಸ್ಟಿಕ್‌ನಂತೆ ಹಿಗ್ಗಿತು.

“ಈಗ ಇದನ್ನ.”

ಉದ್ದ ಕತ್ತರಿಸಿದ್ದು. ಮ್ಯಾನೇಜರ್ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತೇ ಹೊರತು ಪಟ್ಟಿ ಜಗ್ಗಲಿಲ್ಲ.

“ರಬ್ಬರಿಗೆಲ್ಲಿಯ ದಿಕ್ಕಮ್ಮಾ? ಅದೇನು ಕಟ್ಟಿಗೇನಾ?” ಎಂದು ಏದುಸಿರು ಬಿಟ್ಟ.

ಅವಳ ತಂಗಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನಡೆಸುತ್ತಿದ್ದಳು. ಭಾನುವಾರ ಪಟ್ಟಿಯ ಚೂರು ಅಲ್ಲಿಗೆ ಹೋಯಿತು. ಪರದೆಯ ಮೇಲೆ ಕಡ್ಡಿಗಳು ಸಾಲಾಗಿ ಮಲಗಿದ್ದವು.

“ಇದ್ರಲ್ಲಿ ಗಟ್ಟಿ ಪ್ಲಾಸ್ಟಿಕ್ಕೂ ಇದೆ, ಮೆತ್ತನೆ ರಬ್ಬರೂ ಇದೆ ಅಕ್ಕ,” ಎಂದಳು ತಂಗಿ. “ಎರಡಕ್ಕೂ ಆಗಿಬರಲ್ಲ. ಆದ್ರೆ ಒಂದೇ ಸರಪಳೀಲಿ ಪೋಣಿಸಿದ್ದಾರೆ, ಬಿಟ್ಟುಹೋಗೋ ಹಾಗೂ ಇಲ್ಲ. ಅದಕ್ಕೇ ಗಟ್ಟಿಯದು ಹೀಗೆ ಸಣ್ಣ ಕಡ್ಡಿಗಳಾಗಿ ಬೇರೆ ಕೂತಿದೆ. ಹಾಳೆ ತಯಾರಿಸೋವಾಗ ಬಿಸಿಯಲ್ಲಿ ಉದ್ದಕ್ಕೆ ಎಳೀತಾರಲ್ಲ, ಆಗ ಎಲ್ಲಾ ಉದ್ದಕ್ಕೇ ಮಲಗಿಬಿಟ್ಟಿವೆ. ಉದ್ದ ಎಳೆದ್ರೆ ಕಡ್ಡಿ ತಡೆಯುತ್ತೆ, ಅಡ್ಡ ಎಳೆದ್ರೆ ನಡುವಿನ ರಬ್ಬರು ಹಿಗ್ಗುತ್ತೆ.”

“ನನ್ನ ಸಂಸಾರಾನೂ ಇದೇ ಕಣೆ. ನಾನು ಸರಪಳಿ ಕಡಿದೆ, ಅಷ್ಟೇ ವ್ಯತ್ಯಾಸ.”

ಸೋಮವಾರ ಆ ಚಿತ್ರ ಮ್ಯಾನೇಜರ್ ಮೇಜಿಗೆ ಬಂತು. ಅವನು ಹತ್ತು ನಿಮಿಷ ನೋಡಿದ. ಆಮೇಲೆ ಕೆಮ್ಮಿ, ಅಚ್ಚನ್ನು ಮತ್ತೆ ಅಡ್ಡಕ್ಕೆ ಹಾಕಿಸಿದ. ಹೊಸ ಅಟ್ಟೆಗಳು ಕಾಲಿನ ಜೊತೆ ಬಾಗಿದವು, ದೂರು ನಿಂತಿತು. ವರದಿಯಲ್ಲಿ ಮಾತ್ರ ಅವನೊಬ್ಬನದೇ ಹೆಸರು.

ಮಾಲೀಕರು ಬಂದು, ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು.

“ನಮ್ಮ ಟೀಮು ಸರ್,” ಎಂದ ಮ್ಯಾನೇಜರ್.

“ಹೌದು ಸರ್,” ಎಂದಳು ಹರಿಯಕ್ಕ, ಯಂತ್ರಕ್ಕೆ ಹೊಸ ಪಟ್ಟಿ ಕಚ್ಚಿಸುತ್ತಾ. “ಟೀಮಲ್ಲಿ ಇಬ್ಬರೇ. ನಾನು, ನನ್ನ ತಂಗಿ.”