ನಮ್ಮ ಅಮಾವಾಸ್ಯೆಯ ಸೂಟಿಗಳು

ನಮಗೆ ಮೊಮ್ಮಗಳು ಹುಟ್ಟಿದಳು! ಬೆಳಕು ಹರಿಯುವ ಹೊತ್ತಿಗೆ, ವಡಗಾವಿಯ ನಮ್ಮ ಮನೆಯ ಒಳಕೋಣೆಯಲ್ಲಿ, ಇಡೀ ಓಣಿ ಎಬ್ಬಿಸುವಂತೆ ಅತ್ತು ಹುಟ್ಟಿದಳು. ತಲೆತುಂಬ ಕೂದಲು. ಮೂಗು ಮಾತ್ರ ಅಜ್ಜನದು. ಇರಲಿ, ಬೆಳೆಯುತ್ತ ಸರಿಹೋದೀತು. ಸೂಲಗಿತ್ತಿ ಕೂಸನ್ನು ನನ್ನ ಕೈಗಿಟ್ಟಾಗ ನಕ್ಕೆನೋ ಅತ್ತೆನೋ ನೆನಪಿಲ್ಲ. ಸಕ್ಕರೆ ಹಂಚಲು ಬರಿಗಾಲಲ್ಲೇ ಓಡಿದ್ದೆ; ಅರ್ಧ ಓಣಿ ಮುಗಿದ ಮೇಲೆ ಕಲ್ಲು ಚುಚ್ಚಿದಾಗ ಚಪ್ಪಲಿಯ ನೆನಪಾಯಿತು.

ಓಣಿಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಅಂದು ಅಮಾವಾಸ್ಯೆ.

ಸಕ್ಕರೆ ಬಾಯಿಗೆ ಹಾಕಿಕೊಂಡವರು ಮೊದಲು ನಕ್ಕರು, ಆಮೇಲೆ ದನಿ ತಗ್ಗಿಸಿದರು. "ಅಮಾಸಿ ದಿನಾನ ಹುಟ್ಟಬೇಕೇನವಾ? ಖಾನಾಪುರದ ಬೀಗತಿ ಏನಂತಾರೋ!"

ಬೀಗತಿ ಎಂದರೆ ನಮ್ಮ ಅಳಿಯನ ತಾಯಿ. ಅಮಾವಾಸ್ಯೆಯಂದು ಅವರು ಹೊಸ ಸೀರೆ ಉಡುವುದಿಲ್ಲ, ಊರಂತೂ ಬಿಡುವುದೇ ಇಲ್ಲ.

ಮಗಳ ಕಣ್ಣು ಕೂಸಿನ ಮೇಲಿತ್ತು, ಕಿವಿ ಬಾಗಿಲ ಕಡೆಗಿತ್ತು. "ಯವ್ವಾ, ನಮ್ಮತ್ತಿ ಬರ್ತಾರಂತೀಯೇನ? ಅವರು ಮಾರಿ ತಿರುವಿದ್ರ, ಈಕಿ ಜನ್ಮಪೂರ್ತಿ ಅಮಾಸಿ ಕೂಸ ಅನ್ನಿಸಿಕೊಂತಾಳ."

ನಮ್ಮ ಯಜಮಾನರು ಟೋಪಿ ಹಾಕಿ, ಸಕ್ಕರೆ ಪೊಟ್ಟಣ ಕಿಸೆಗಿಟ್ಟರು. "ನಾನ ಖಾನಾಪುರಕ್ಕ ಹೋಗಿ ಹೇಳಿ ಬರ್ತೀನಿ. ಅಮಾಸಿ ರೈಲು, ಆರಾಮ ಕಾಲು ಚಾಚಿ ಕುಂದರಬಹುದು."

ಅಷ್ಟು ಚಿಂತೆಯಲ್ಲೂ ಮಗಳಿಗೆ ನಗು ಬಂತು. ಎಪ್ಪತ್ತರ ದಶಕದುದ್ದಕ್ಕೂ ನಮ್ಮ ಮನೆಯಲ್ಲಿ ಕೇಳಿದ ಮಾತದು.

ನಮ್ಮ ಯಜಮಾನರು ಮಾಲಕರ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಆ ಮಗ್ಗಕ್ಕೆ ಭಾನುವಾರ ಗೊತ್ತಿರಲಿಲ್ಲ. ನಿಲ್ಲುತ್ತಿದ್ದುದು ಅಮಾವಾಸ್ಯೆಗೆ ಮಾತ್ರ. ಪ್ರಯಾಣ ಬೇಡವೆಂದು ಲೋಕವೆಲ್ಲ ಮನೆಯಲ್ಲಿ ಕೂತ ದಿನವೇ ನಮಗೆ ತಿರುಗಾಟದ ದಿನ. ಆಗ ಚಿಕ್ಕವಳಿದ್ದ ಮಗಳನ್ನು ನನ್ನ ಅತ್ತೆಯವರ ಹತ್ತಿರ ಬಿಟ್ಟು, ಬುತ್ತಿ ಕಟ್ಟಿಕೊಂಡು ಗಂಡ ಹೆಂಡತಿ ಹೊರಡುತ್ತಿದ್ದೆವು. ಅತ್ತೆಯವರು ಬಾಗಿಲಲ್ಲಿ ನಿಂತು, "ಅಮಾಸಿ ದಿನ ತಿರುಗೂವು ದೆವ್ವ ಅಷ್ಟ!" ಅನ್ನುತ್ತಿದ್ದರು.

"ತಿರುಗಲಿ ಬಿಡವ್ವಾ," ಅನ್ನುತ್ತಿದ್ದರು ಇವರು. "ಅವು ರೈಲಿನ್ಯಾಗ ಜಾಗಾ ಕೇಳೂದಿಲ್ಲ."

ಹೆಚ್ಚಾಗಿ ಹೋಗುತ್ತಿದ್ದುದು ಖಾನಾಪುರಕ್ಕೆ. ಅಲ್ಲಿ ನಮಗೇನೂ ಕೆಲಸವಿರಲಿಲ್ಲ, ಅದೇ ಅದರ ಚಂದ. ಮಲಪ್ರಭೆಯ ದಂಡೆಯಲ್ಲಿ ಕೂತು, ನೀರಲ್ಲಿ ಕಾಲಿಟ್ಟು, ರೊಟ್ಟಿ, ಜುಣಕ, ಶೇಂಗಾ ಹಿಂಡಿ ತಿನ್ನುವುದು. ತಿಂದು ಅವರು ಟೋಪಿಯನ್ನು ಮುಖದ ಮೇಲೆಳೆದು ಮಲಗುವುದು, ಅವರ ಗೊರಕೆಯ ನಡುವೆ ನಾನು ಮಾತಾಡುವುದು. ಮನೆಯಲ್ಲಿ ಅಷ್ಟು ಮಾತಿಗೆ ಜಾಗವೆಲ್ಲಿತ್ತು?

ಮೊದಲ ಸಲ ಹೋದಾಗಲೇ ನೀರಿಗೆ ಬಂದ ಹೆಂಗಸೊಬ್ಬರು ಕೊಡ ಸೊಂಟಕ್ಕಿಟ್ಟು ನಮ್ಮನ್ನು ನೋಡುತ್ತ ನಿಂತರು. "ಯಾವೂರವ್ರು? ಅಮಾಸಿ ದಿನ ಹಿಂಗ ಬಂದೀರಲ್ಲ, ಮನ್ಯಾಗ ಹಿರ್ಯಾರಿಲ್ಲೇನ?"

"ಅದಾರ್ರಿ ಅಕ್ಕಾರ," ಅಂದರು ಇವರು. "ಅದಕ್ಕ ಇಲ್ಲಿ ಬಂದೀವಿ."

ಅವರು ನಗು ತಡೆಯಲು ನೋಡಿದರು, ಕೊಡದ ನೀರು ತುಳುಕಿತು. ಬೈಯುತ್ತಲೇ ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ಗಂಡನನ್ನು ಕಳಕೊಂಡು, ಒಬ್ಬ ಮಗನನ್ನಿಟ್ಟುಕೊಂಡು ಕಿರಾಣಿ ಅಂಗಡಿ ನಡೆಸುತ್ತಿದ್ದರು. ಮುಂದೆ ಪ್ರತಿ ಸಲವೂ ಅವರ ಮನೆಯಲ್ಲಿ ಬೈಗುಳ ಮತ್ತು ಮಜ್ಜಿಗೆ ನಮಗೆ ಗೊತ್ತುಮಾಡಿದ ಹಾಗೆ ಸಿಗುತ್ತಿದ್ದವು. ಮಕ್ಕಳು ದೊಡ್ಡವರಾದ ಮೇಲೆ ಆ ಮಜ್ಜಿಗೆಯೇ ಬೀಗತನಕ್ಕೆ ತಿರುಗಿತು. ಆಗಲೂ ಅಮಾವಾಸ್ಯೆಯಂದು ಮಾತುಕತೆಗೆ ಬರಲೊಲ್ಲೆ ಎಂದರು; ಇವರು ಮಗ್ಗ ಬಿಟ್ಟು ಗುರುವಾರ ಮನೆಯಲ್ಲಿ ಕೂರಬೇಕಾಯಿತು.

ಪರದೇಶಕ್ಕೂ ಹೋಗಿದ್ದೇವೆ, ಸುಳ್ಳಲ್ಲ. ಒಮ್ಮೆ ಮಾಲಕರ ಮನೆಯಲ್ಲಿ ಮದುವೆ ಬಂದು ಅಮಾವಾಸ್ಯೆಗೆ ಇನ್ನೆರಡು ದಿನ ಸೂಟಿ ಕೂಡಿದಾಗ ಗೋವಾಕ್ಕೆ ಹೋದೆವು. ನಾನು ಹುಡುಗಿಯಿದ್ದಾಗ ಅದು ಬೇರೆಯವರ ರಾಜ್ಯವಾಗಿತ್ತು. ಇವರ ತಲೆಯಲ್ಲಿ ಇನ್ನೂ ಹಾಗೆಯೇ ಇತ್ತು. ಪರದೇಶಕ್ಕೆ ಕೋಟು ಬೇಕೆಂದು ಮದುವೆಯ ಕೋಟು ತೊಟ್ಟರು. ಗುಂಡಿ ಹಾಕಲು ಹೊಟ್ಟೆ ಒಪ್ಪಲಿಲ್ಲ. ಲೋಂಡಾ ದಾಟಿ ಘಟ್ಟ ಇಳಿಯುವಾಗ, ಯಾರಾದರೂ ಬಂದು ವಿಚಾರಿಸುತ್ತಾರೆಂದು ನೆಟ್ಟಗೆ ಕೂತೇ ಇದ್ದರು. ಯಾರೂ ಬರಲಿಲ್ಲ. ಅದೊಂದು ಬೇಜಾರು. ಸಮುದ್ರ ಕಂಡಾಗ ಬೆರಳದ್ದಿ ನೆಕ್ಕಿ ನನ್ನ ಕಡೆ ತಿರುಗಿದರು. "ನಿನ್ನ ಸಾರಿನಂಗ ಐತಿ ನೋಡ. ಉಪ್ಪು ಜಾಸ್ತಿ."

ಅಂಥ ಮನುಷ್ಯ ಮೊಮ್ಮಗಳು ಹುಟ್ಟಿದ ದಿನ ಒಬ್ಬರೇ ರೈಲಿಗೆ ಹೋಗಿದ್ದರು. ಮಧ್ಯಾಹ್ನವಾಯಿತು. ನಾನು ಬೀಗತಿಯವರ ಪಾಲನ್ನೂ ಹಿಡಿದು ಬೇಳೆ ಬೇಯಿಸಿ, ಹೂರಣ ಅರೆದೆ. ಮಗಳು ಒಳಗಿನಿಂದಲೇ ಕೇಳಿದಳು. "ಎಷ್ಟ ಮಂದಿಗೆ ಮಾಡಾಕತ್ತೀಬೇ?"

"ಎಲ್ಲಾರಿಗೂ," ಅಂದೆ. ಒರಳಿನ ಸದ್ದನ್ನು ಸ್ವಲ್ಪ ಜೋರು ಮಾಡಿದೆ.

ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಟಾಂಗಾ ಬಂತು. ಮೊದಲು ಇವರಿಳಿದರು, ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಅಳಿಯ ಇಳಿದು ನೇರವಾಗಿ ಒಳಕೋಣೆಗೆ ನುಗ್ಗಿದ. ಆಮೇಲೆ ಒಂದು ಚೀಲ ಇಳಿಯಿತು. ಚೀಲದ ಹಿಂದೆ ಬೀಗತಿ!

"ಬರ್ರಿ, ಬರ್ರಿ ಅಕ್ಕಾರ," ಅಂದೆ. ಬಾಗಿಲಿಗೆ ಅಡ್ಡ ನಿಂತೇ ಇದ್ದೆ.

"ಸರೀರಿ, ಮೊದಲ ಕೂಸಿನ ತೋರಸ್ರಿ." ಒಳಗೆ ಹೋದವರೇ ಕೂಸನ್ನೆತ್ತಿ ಮಡಿಲಿಗೆ ಹಾಕಿಕೊಂಡರು. "ನಿಮ್ಮ ಯಜಮಾನ್ರು ಸಕ್ಕರಿ ಕೊಟ್ಟು, ಬರ್ರಿ ಅಂತ ಒಂದ ಮಾತೂ ಅನ್ನಲಿಲ್ಲ. ರೈಲು ಖಾಲಿ ಐತಿ ಅಂತಂದು ಸುಮ್ನ ಕುಂತ್ರು. ನಾನೂ ವಿಚಾರ ಮಾಡಿದ್ನಿ. ಈ ಬಂಗಾರಿ ಎಲ್ಲಿಂದಲೋ ಅಮಾಸಿ ದಿನ ಒಬ್ಬಾಕಿನ ಬಂದಾಳ. ನನಗ ಖಾನಾಪುರದಿಂದ ಬರಾಕ ಏನ ಧಾಡಿ?"

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀಗತಿ ಗದರಿದರು. "ಅಳಬ್ಯಾಡ, ಹಾಲು ಕಮ್ಮಿ ಆಗ್ತಾವ. ಚೀಲದಾಗ ಕೊಬ್ಬರಿ, ಉತ್ತತ್ತಿ, ಅಂಟು ತಂದೀನಿ, ನಾಳೆ ಅಂಟಿನುಂಡಿ ಕಟ್ಟೂಣು. ಮೂಗು ಮಾತ್ರ ಯಾರದಿದು? ಅಯ್ಯ ದೇವರೇ!"

ಇವರು ಮೂಗು ಮುಟ್ಟಿಕೊಂಡು ಅಡುಗೆಮನೆಗೆ ಜಾರಿದರು.

ನಮ್ಮಲ್ಲಿ ಹೆರಿಗೆಯ ಸೂತಕ ಹಿಡಿಯುವುದಿಲ್ಲ. ಒಳಕೋಣೆಯಲ್ಲೇ, ಬಾಣಂತಿಯ ಮಂಚದ ಪಕ್ಕದಲ್ಲಿ ತಾಟು ಹಾಕಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗಳಿಗೆ ತುಪ್ಪದನ್ನ, ನಮಗೆ ಹೋಳಿಗೆ, ಕಟ್ಟಿನ ಸಾರು. ಅಳಿಯ ಉಣ್ಣುವುದನ್ನು ಬಿಟ್ಟು ಕೂಸನ್ನೇ ನೋಡುತ್ತಿದ್ದ. ಬೀಗತಿ ಕೂಸನ್ನು ಮಡಿಲಿಂದ ಇಳಿಸದೆ ಒಂದೇ ಕೈಯಲ್ಲಿ ಹೋಳಿಗೆ ಮುರಿಯುತ್ತ ಕೇಳಿದರು. "ಮುಂದಿನ ಅಮಾಸಿಗೆ ಎಲ್ಲಿಗೆ ಹೊಂಟೀರಿ?"

"ಗೋವಾಕ್ಕ ಹೋಗೂಣು, ನೀವೂ ಬರ್ರಿ," ಅಂದರು ಇವರು. "ಆದ್ರ ಕೋಟ ಈಗ ಮೈಗೆ ಬರಂಗಿಲ್ಲ."

"ಬರೂದ್ಹ್ಯಾಂಗ? ಇದು ನಾಕನೇ ಹೋಳಿಗಿ," ಅಂದರು ಬೀಗತಿ. ನಾನು ಅವರಿಬ್ಬರ ತಾಟಿಗೂ ಇನ್ನೊಂದೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದೆ.