ಹಾಡಿದವರ ಹೆಸರಿಲ್ಲದ ಹಾಡುಗಳು

ಅತನೂರಿನ ಪಂಚಶೀಲಾ ಮನೆಯಲ್ಲೇ ಕುಳಿತು ಪ್ರೋಗ್ರಾಂ ಬರೆಯುವ ಕೆಲಸ ಮಾಡುತ್ತಾಳೆ. ಆ ಬೇಸಿಗೆಯಲ್ಲಿ ಬಿಡುವಾದಾಗೆಲ್ಲ ಊರ ಹೆಂಗಸರ ಹಾಡುಗಳಿಗೆ ಕಂಪ್ಯೂಟರಿನಲ್ಲೊಂದು ಸಂಗ್ರಹ ಕಟ್ಟುತ್ತಿದ್ದಳು; ಒಬ್ಬೊಬ್ಬ ಹಾಡುಗಾರ್ತಿಗೂ ಒಂದೊಂದು ಪುಟ. ದೊಡ್ಡವ್ವ ಮಲ್ಕಮ್ಮ ಮತ್ತು ಅವಳ ಗೆಳತಿ ಪ್ಯಾರಿಬಿ ಹಿಂದಿನ ಮಳೆಗಾಲದಲ್ಲಿ ತೊಗರಿ ಹೊಲದ ಕಳೆ ತೆಗೆಯುತ್ತ ಹಾಡಿದ ಇಪ್ಪತ್ಮೂರು ಹಾಡುಗಳು ಪಂಚಶೀಲಾಳ ಮೊಬೈಲಿನಲ್ಲಿದ್ದವು.

ಎಲ್ಲವನ್ನೂ ಸಂಗ್ರಹದಲ್ಲಿ ಸೇವ್ ಮಾಡಿ, ಮೊಬೈಲಿನಿಂದ ಅಳಿಸಿದಳು. ಮರುದಿನ ಮಲ್ಕಮ್ಮನ ಪುಟ ತೆರೆದರೆ ಒಂದು ಹಾಡೂ ಇಲ್ಲ! ಪ್ಯಾರಿಬಿಯ ಪುಟವೂ ಬರಿದು. ಡೇಟಾಬೇಸಿನಲ್ಲಿ ಹುಡುಕಿದಳು. ಇಪ್ಪತ್ಮೂರು ಹಾಡುಗಳೂ ಅಲ್ಲೇ ಇದ್ದವು. ಹಾಡಿದವರ ಕಾಲಂ ಮಾತ್ರ ಮೇಲಿನಿಂದ ಕೆಳತನಕ ಖಾಲಿ.

ಅಂಗಳದ ಬೇವು ಸಣ್ಣಗೆ ಹೂವುದುರಿಸುತ್ತಿತ್ತು. ಡೇಟಾಬೇಸಿಗೆ ಹೋಗುವ ಆದೇಶಗಳು ತೆರೆಯ ಮೇಲೆ ಒಂದೊಂದೇ ಇಳಿದು ಬರುತ್ತಿದ್ದವು. ಅರೆನಿದ್ದೆಯಂಥ ಆ ಮಧ್ಯಾಹ್ನದಲ್ಲಿ ಅವುಗಳನ್ನು ನೋಡುತ್ತ ನೋಡುತ್ತ ಅವಳಿಗೆ ತಪ್ಪು ಹೊಳೆಯಿತು. ಹಾಡುಗಾರ್ತಿಯ ಪಟ್ಟಿಗೆ ಹಾಡನ್ನು ಸೇರಿಸಿದ್ದಳು, ಆದರೆ ‘ನಿನ್ನನ್ನು ಹಾಡಿದವಳು ಇವಳು’ ಎಂದು ಹಾಡಿಗೆ ತಿಳಿಸಿರಲೇ ಇಲ್ಲ. ಅವಳು ಬಳಸುವ ಟೂಲ್ ಹಾಡಿನ ಕಡೆಯಿಂದ ಬಂದ ನಂಟನ್ನಷ್ಟೇ ಬರೆದುಕೊಳ್ಳುತ್ತಿತ್ತು. ಪ್ರೋಗ್ರಾಂಗೆ ಒಂದು ಸಾಲು ಸೇರಿಸಿದಳು. ಪರೀಕ್ಷೆಗೆಂದು ಹಾಕಿದ ಹೊಸ ಹಾಡು ಹೆಸರಿನೊಂದಿಗೇ ಉಳಿಯಿತು.

ಹಳೆಯವಕ್ಕೆ ಕಿವಿಯೇ ಗತಿ. ದೊಡ್ಡವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದನ್ನೇ ಕೇಳಿಸಿದಳು. ಮಲ್ಕಮ್ಮ ಕಣ್ಣು ಮುಚ್ಚಿಕೊಂಡಳು.

“ಇದು ಪ್ಯಾರಿಬಿದು. ಸಾಲು ಮುಗಿಸೂಮುಂದ ಉಸಿರು ಎಳೀತಾಳ ನೋಡು. ಇದು ನಂದು. ಆವತ್ತು ಗಂಟಲು ಕಟ್ಟಿತ್ತು ಬೇ.”

ಪಂಚಶೀಲಾ ಹೆಸರು ತುಂಬುತ್ತ ಹೋದಳು. ಹಾಡುಗಳ ಹಿಂದೆ ಗಾಳಿ, ಹಸಿ ತೊಗರಿ ಗಿಡಗಳ ಸರಸರ ಸದ್ದು. ಕೊನೆಯದನ್ನು ಮಲ್ಕಮ್ಮ ಮತ್ತೊಮ್ಮೆ ಹಾಕಿಸಿ ಕೇಳಿದಳು.

“ಇದು ಯಾರದು, ದೊಡ್ಡವ್ವ?”

“ಇಬ್ಬರದೂ ಅದ. ನಾ ಎತ್ತೇನಿ, ಅಕಿ ಇಳಿಸ್ಯಾಳ.”

ಒಂದು ಹಾಡಿಗೆ ಒಂದೇ ಹೆಸರಿನ ಜಾಗವಿಟ್ಟಿದ್ದಳು ಪಂಚಶೀಲಾ. ಆ ಕಾಲಂ ತೆಗೆದು, ಹಾಡಿಗೂ ಹಾಡುವವರಿಗೂ ನಡುವೆ ಬೇರೊಂದು ಕೋಷ್ಟಕ ಹಾಕಿದಳು. ಎರಡು ದಿನ ಹಿಡಿಯಿತು. ಆಮೇಲೆ ಆ ಹಾಡು ಇಬ್ಬರ ಪುಟದಲ್ಲೂ ಕಾಣಿಸಿಕೊಂಡಿತು.

ಜೇವರ್ಗಿಯ ಮಗಳ ಮನೆಯಲ್ಲಿದ್ದ ಪ್ಯಾರಿಬಿಗೆ ಫೋನಿನಲ್ಲಿ ಅದನ್ನು ಕೇಳಿಸಿದರು.

“ಅಯ್ಯ, ಇಷ್ಟ ಛಂದ ಹಾಡಿದ್ವೇನ್ ಮಲ್ಕಮ್ಮ?” ಎಂದಳು ಪ್ಯಾರಿಬಿ. ಆ ಕಡೆಯಿಂದಲೇ ಮೆಲ್ಲಗೆ ಗುನುಗತೊಡಗಿದಳು. ಈ ಕಡೆ ಮಲ್ಕಮ್ಮ ಮುಂದಿನ ಸಾಲು ಎತ್ತಿಕೊಂಡಳು.